ಉಗುಳುವ ತಗಡು

ಆ ಬೆಳಿಗ್ಗೆ ಚಿಕ್ಕಮ್ಮನ ಏಪ್ರನ್ನಿನ ಜೇಬಿನಲ್ಲಿ ಎರಡು ಬೆರಳಗಲದ ಒಂದು ತಗಡು ಇತ್ತು. ಟೈಟಾನಿಯಂ ತಗಡು. ತೂಗಿದರೆ ಒಂದು ಚಮಚದಷ್ಟು ಬಂದರೆ ಹೆಚ್ಚು. ಆದರೆ ಆ ಜೇಬು ಹೊತ್ತು ಕಾರಿಡಾರಿನಲ್ಲಿ ಬರುತ್ತಿದ್ದವಳ ನಡಿಗೆ ನೋಡಿದವರು, ಒಳಗೆ ರೈಲಿನ ಎಂಜಿನ್ನನ್ನೇ ಮಡಚಿಟ್ಟುಕೊಂಡಿದ್ದಾಳೆ ಅಂದುಕೊಳ್ಳಬೇಕು. ಒಂದು ಮಗ್ಗುಲಿಗೆ ವಾಲುತ್ತಿದ್ದಳು. ಹತ್ತು ಹೆಜ್ಜೆಗೊಮ್ಮೆ ಜೇಬು ಮುಟ್ಟಿ ನೋಡುತ್ತಿದ್ದಳು. ಎದುರಿಗೆ ಸಿಕ್ಕ ಗುಡಿಸುವಾಕೆ "ಹೊಟ್ಟೆನೋವಾ ಚಿಕ್ಕಮ್ಮಾ?" ಅಂದದ್ದಕ್ಕೆ "ಹೂಂ, ಎಂಟು ದಿನದಿಂದ" ಅಂದಳು. ಅದು ಸುಳ್ಳಲ್ಲ.

ಅವಳು ಆ ಪ್ರಯೋಗಾಲಯದ ಬೆಸುಗೆಗಾರ್ತಿ. ನಿಜವಾಗಿ ಚಿಕ್ಕಮ್ಮ ಆಗಿದ್ದದ್ದು ಒಬ್ಬಳಿಗೇ, ಕುಲುಮೆ ನೋಡಿಕೊಳ್ಳುವ ಸಂಶೋಧಕಿಗೆ. ಅವಳು ಇವಳ ಅಕ್ಕನ ಮಗಳು. ಆ ಹುಡುಗಿ ಮೊದಲ ದಿನ ಎಲ್ಲರೆದುರು "ಚಿಕ್ಕಮ್ಮಾ" ಎಂದು ಕೂಗಿದ್ದೇ ತಡ, ಕಾವಲುಗಾರನಿಂದ ಹಿಡಿದು ಮುಖ್ಯಸ್ಥರವರೆಗೆ ನಲವತ್ತು ಜನಕ್ಕೆ ಅವಳು ಚಿಕ್ಕಮ್ಮನಾದಳು. ಬೆಸುಗೆಯಲ್ಲಿ ಅವಳನ್ನು ಮೀರಿಸಿದವರು ಭೂಮಂಡಲದಲ್ಲಿ ಹುಟ್ಟಿರಲಿಲ್ಲ. ಹುಟ್ಟಿದ್ದರೂ ನಾಚಿ ಬೇರೆ ಕಸುಬು ಹಿಡಿದಿರಬೇಕು. ಅವಳು ಬೆಸೆದ ಎರಡು ತಗಡುಗಳು ಒಡಹುಟ್ಟಿದವೆಂದು ಕೋರ್ಟಿನಲ್ಲಿ ಸಾಬೀತು ಮಾಡಬಹುದಿತ್ತು. ಸೊಳ್ಳೆಯ ರೆಕ್ಕೆ ಮುರಿದರೂ ಬೆಸೆದುಕೊಟ್ಟಾಳು, ಸೊಳ್ಳೆ ಮಾತ್ರ ಅಲ್ಲಾಡದೆ ನಿಲ್ಲಬೇಕು, ಅಷ್ಟೇ. ಇಂಥ ಕೈ ಆ ಬೆಳಿಗ್ಗೆ ತನ್ನದೇ ಕೋಣೆಯ ಬೀಗದ ತೂತು ಸಿಗದೆ ಮೂರು ಸಲ ತಡವರಿಸಿತು.

ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ. ಅತಿಥಿಗಳು ಬರುವುದು ಹನ್ನೊಂದಕ್ಕೆ.

ಅತಿಥಿಗಳೆಂದರೆ ಒಂದು ದೊಡ್ಡ ಕಾರ್ಖಾನೆಯವರು. ಅವರು "ಆಗಲಿ" ಅಂದರೆ ಅಕ್ಕನ ಮಗಳ ಕೊಡದಷ್ಟಗಲದ ಕುಲುಮೆ ಕೋಣೆಯಷ್ಟಗಲ ಆಗುತ್ತದೆ. "ಬೇಡ" ಅಂದರೆ ಆ ಕೊಡವೂ ಆರುತ್ತದೆ. ನಾಲ್ಕು ವರ್ಷದ ಕೆಲಸ. ಟೈಟಾನಿಯಂ ಏನು ಅಪರೂಪದ್ದಲ್ಲ, ಮರಳಲ್ಲಿದೆ, ಮಣ್ಣಲ್ಲಿದೆ, ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿದೆ. ಆದರೆ ಅದು ಆಮ್ಲಜನಕವನ್ನು ತಬ್ಬಿಕೊಂಡಿರುವ ರೀತಿ ನೋಡಿದರೆ ಹೊಸದಾಗಿ ಮದುವೆಯಾದವರೂ ತಲೆ ತಗ್ಗಿಸಬೇಕು. ಅವೆರಡನ್ನೂ ಬಿಡಿಸುವುದಕ್ಕೆ ಹಳೆಯ ಪದ್ಧತಿಯಲ್ಲಿ ವಾರಗಟ್ಟಲೆ ಬೇಕು, ಹತ್ತೆಂಟು ಹಂತ ಬೇಕು. ದುಬಾರಿಯಾಗುವುದು ಅಲ್ಲೇ. ಅಕ್ಕನ ಮಗಳು ಅಡ್ಡದಾರಿ ಹುಡುಕಿದ್ದಳು. ಅವೆರಡೂ ಕೂಡಿದ ಬಿಳಿ ಪುಡಿಯನ್ನು ಬಿಲ್ಲೆ ಮಾಡಿ, ಕೆಂಪಗೆ ಕಾದು ಕರಗಿದ ಉಪ್ಪಿನಲ್ಲಿ ಮುಳುಗಿಸಿ, ವಿದ್ಯುತ್ ಹರಿಸುವುದು. ಆಮ್ಲಜನಕ ಬಿಟ್ಟುಹೋಗುತ್ತದೆ, ಲೋಹ ಉಳಿಯುತ್ತದೆ. ಆ ಲೋಹವನ್ನು ಪುಡಿ ಮಾಡಿ, ತೊಳೆದು, ಒತ್ತಿ, ಕಾಯಿಸಿ, ತಗಡು ಮಾಡುವುದು.

ತೊಂದರೆ ಒಂದೇ. ಆ ಉಪ್ಪಿಗೆ ಭಯಂಕರ ಬಾಯಾರಿಕೆ. ಗಾಳಿಯಲ್ಲಿನ ನೀರನ್ನು ಕುಡಿಯುತ್ತದೆ, ಆ ನೀರಿನ ಆಮ್ಲಜನಕ ಮತ್ತೆ ಲೋಹಕ್ಕೆ ಹೋಗಿ ಸೇರುತ್ತದೆ, ತಗಡು ಬಿಸ್ಕತ್ತಿನ ಹಾಗೆ ಪಟ್ಟೆನ್ನುತ್ತದೆ. ಹಿಂದಿನ ತಗಡುಗಳೆಲ್ಲ ಹಾಗೇ ಹೋದವು. ಕೊನೆಯ ಸಲ ಹುಡುಗಿ ಉಪ್ಪನ್ನು ಎರಡು ದಿನ ನಿರ್ವಾತದಲ್ಲಿಟ್ಟು ಒಣಗಿಸಿದಳು. ಆ ಎರಡು ದಿನ ಕುಲುಮೆಯ ಕೋಣೆಯಲ್ಲಿ ಯಾರೂ ನಿಟ್ಟುಸಿರು ಬಿಡುವ ಹಾಗಿರಲಿಲ್ಲ. ಬಿಡುವವರು ಹೊರಗೆ ಹೋಗಿ, ರಸ್ತೆ ದಾಟಿ ಬಿಟ್ಟು ಬರಬೇಕು.

ಹಾಗೆ ಬಂದ ತಗಡನ್ನೂ, ಹೋಲಿಸಿ ನೋಡಲೆಂದು ಅಂಗಡಿಯಿಂದ ತಂದಿದ್ದ ದುಬಾರಿ ತಗಡನ್ನೂ ಒಂದೇ ಅಳತೆಗೆ ಕತ್ತರಿಸಿ ಎಂಟು ದಿನದ ಹಿಂದೆ ಬಗ್ಗಿಸಿ ನೋಡಿದ್ದರು. ಅಂಗಡಿಯದು ಬಿರುಕು ಬಿಟ್ಟಿತು. ತಮ್ಮದು ಎರಡು ತುದಿ ಒಂದಕ್ಕೊಂದು ಮುಖ ಮಾಡುವ ತನಕ ಬಗ್ಗಿತು, ಕೂದಲೆಳೆಯಷ್ಟೂ ಬಿರುಕಿಲ್ಲ! ಅವತ್ತು ಎದ್ದ ಕೂಗಿಗೆ ಪಕ್ಕದ ಕಟ್ಟಡದ ಕಿಟಕಿ ಗಾಜು ನಡುಗಿತು, ಎರಡು ಬೀದಿಯಾಚೆ ನಿಲ್ಲಿಸಿದ್ದ ಕಾರು ತಾನಾಗಿ ಕೂಗಿಕೊಂಡಿತು. ಅಂಗಡಿಯದು ಯಾಕೆ ಬಿರುಕು ಬಿಟ್ಟಿತು ಅಂತ ಒಬ್ಬರೂ ಕೇಳಲಿಲ್ಲ. "ಹಳೇ ಮಾಲು ಇರಬೇಕು" ಅಂದರು ಯಾರೋ. ಅಷ್ಟಕ್ಕೇ ಎಲ್ಲರಿಗೂ ಸಮಾಧಾನವಾಯಿತು.

ಚಿಕ್ಕಮ್ಮನಿಗೆ ಮಾತ್ರ ಆಗಲಿಲ್ಲ.

ಯಾಕೆಂದರೆ ಬಗ್ಗಿಸುವ ಮುಂಚೆ ಎರಡೂ ತಗಡಿನ ಮೇಲಿನ ಬೂದು ಸಿಪ್ಪೆ ತೆಗೆಯಲು ಆಸಿಡ್ಡಿನಲ್ಲಿ ಅದ್ದಿದ್ದು ಅವಳು. ಗುರುತಿಗೆ ಮೊಳೆಯಿಂದ ಗೀರಬಾರದು, ಗೀರಿದ ಕಡೆಯಿಂದಲೇ ಬಿರುಕು ಹೊರಡುತ್ತದೆ. ಅದಕ್ಕೇ ಜಾಣತನ ಮಾಡಿ ಮಾರ್ಕರ್ ಪೆನ್ನಿನಿಂದ ಬರೆದಿದ್ದಳು. ನಮ್ಮದಕ್ಕೆ "ನ", ಅಂಗಡಿಯದಕ್ಕೆ "ಅ". ಮೂವತ್ತು ವರ್ಷದ ಅನುಭವದ ಆ ತಲೆಗೆ, ಲೋಹದ ಸಿಪ್ಪೆಯನ್ನೇ ತಿನ್ನುವ ಆಸಿಡ್ಡು ಅದರ ಮೇಲಿನ ಶಾಯಿಯನ್ನು ಬಿಡುತ್ತದೆಯೇ ಅನ್ನುವ ಪ್ರಶ್ನೆ ಹೊಳೆಯಲಿಲ್ಲ. ಎತ್ತಿದಾಗ ಎರಡೂ ತಗಡು ಅವಳಿ ಮಕ್ಕಳ ಹಾಗೆ ಫಳಫಳ ಹೊಳೆಯುತ್ತಿದ್ದವು. "ನ"ವೂ ಇಲ್ಲ, "ಅ"ವೂ ಇಲ್ಲ.

ಪರವಾಗಿಲ್ಲ, ಅದ್ದುವಾಗ ಎಡಗಡೆ ಇದ್ದದ್ದು ನಮ್ಮದು ಎಂದುಕೊಂಡು ಹಾಗೇ ತಟ್ಟೆಯಲ್ಲಿಟ್ಟಳು. ಸರಿಯಾಗಿ ಆಗಲೇ ಅಕ್ಕನ ಫೋನು.

"ಲೇ, ನನ್ನ ಕನ್ನಡಕ ಕಂಡ್ಯಾ?"

"ನಾನಿಲ್ಲಿ ಆಸಿಡ್ ಮುಂದೆ ನಿಂತಿದ್ದೀನಿ ಕಣೇ. ನಿನ್ನ ಕನ್ನಡಕ ನನಗೆಲ್ಲಿ ಕಾಣಬೇಕು?"

"ಭಾನುವಾರ ಬಂದಾಗ ನೀನೇ ಎಲ್ಲೋ ಇಟ್ಟೆ."

"ತಲೆ ಮೇಲೆ ಮುಟ್ಟಿ ನೋಡ್ಕೋ."

ಆ ಕಡೆಯಿಂದ ಏನೋ ತಡಕಿದ ಸದ್ದು. "ಸರಿ, ಇಡ್ತೀನಿ" ಅಂದು ಅಕ್ಕ ಫೋನಿಟ್ಟಳು. ಚಿಕ್ಕಮ್ಮ ಹೊಟ್ಟೆ ಹಿಡಿದು ನಕ್ಕು, ಮೇಜಿನ ಈಚೆಯಿಂದ ಆಚೆಗೆ ಬಂದು, ತಟ್ಟೆ ಎತ್ತಿಕೊಂಡು ಪರೀಕ್ಷೆಯ ಕೋಣೆಗೆ ಹೋಗಿ, "ಎಡಗಡೆಯದು ನಮ್ಮದು" ಎಂದು ಗಂಟಲು ದೊಡ್ಡದು ಮಾಡಿ ಸಾರಿದಳು.

ಮೇಜಿನ ಈಚೆಯಿಂದ ಆಚೆಗೆ. ಅವಳು ಆಚೆಗೆ ಹೋದದ್ದು ತಗಡು ಇಟ್ಟ ಮೇಲೋ, ಇಡುವುದಕ್ಕೆ ಮೊದಲೋ? ಆಚೆ ಬದಿಯಿಂದ ಎತ್ತಿದರೆ ಎಡ ಬಲವಾಗುತ್ತದೆ. ಈ ಒಂದು ಲೆಕ್ಕ ಎಂಟು ದಿನವಾದರೂ ಬಗೆಹರಿದಿರಲಿಲ್ಲ. ಮನೆಯಲ್ಲಿ ಊಟದ ತಟ್ಟೆಯನ್ನು ತಿರುಗಿಸಿ ತಿರುಗಿಸಿ ಇಟ್ಟು ಎದ್ದು ಎದುರಿಗೆ ಹೋಗಿ ನಿಲ್ಲುತ್ತಿದ್ದಳು. ಗಂಡ ಮೂರು ದಿನ ಸುಮ್ಮನಿದ್ದು, ನಾಲ್ಕನೇ ದಿನ ತನ್ನ ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋದ.

ಉತ್ತರ ಗೊತ್ತುಮಾಡಿಕೊಳ್ಳುವ ದಾರಿ ಅವಳ ಕೈಯಲ್ಲೇ ಇತ್ತು. ಅಕ್ಕನ ಮಗಳ ಲೋಹ ಎಷ್ಟು ತೊಳೆದರೂ ಒಳಗೆ ಚೂರುಪಾರು ಉಪ್ಪು ಉಳಿಸಿಕೊಂಡಿರುತ್ತದೆ. ಬೆಸುಗೆಯ ಕಿಡಿ ತಾಗಿ ಕರಗಿದ ಕೂಡಲೇ ಅದು ಟಪ್ ಟಪ್ ಎಂದು ಉಗುಳುತ್ತದೆ. ಅಂಗಡಿಯದು ಎಣ್ಣೆಯ ಹಾಗೆ ಸದ್ದಿಲ್ಲದೆ ಕರಗುತ್ತದೆ. ನಾಲ್ಕು ವರ್ಷ ಎರಡನ್ನೂ ಬೆಸೆದವಳಿಗೆ ಕಣ್ಣು ಬೇಡ, ಕಿವಿ ಸಾಕು. ಬಗ್ಗಿದ ತಗಡು ಮುಖ್ಯಸ್ಥರ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಮೆರೆಯುತ್ತಿತ್ತು, ಅದು ಸಿಗುತ್ತಿರಲಿಲ್ಲ. ಆದರೆ ಬಿರುಕು ಬಿಟ್ಟದ್ದು ರದ್ದಿಯ ಡ್ರಾಯರಿನಲ್ಲೇ ಬಿದ್ದಿತ್ತು. ಮೂರು ಸಲ ಅದನ್ನು ಎತ್ತಿಕೊಂಡಳು, ಮೂರು ಸಲವೂ ಹಿಂದಕ್ಕಿಟ್ಟಳು. ನೋಡುವ ತನಕ ತಪ್ಪಾಗಿರಬಹುದು. ನೋಡಿದ ಮೇಲೆ ಆಗಿಯೇಬಿಟ್ಟಿರುತ್ತದೆ.

ಇವತ್ತು ನಾಲ್ಕನೇ ಸಲ. ಅದೇ ತಗಡು ಜೇಬಿನಲ್ಲಿತ್ತು. ಚಿಕ್ಕಮ್ಮ ಅದನ್ನು ತೆಗೆದು ಬೆಸುಗೆಯ ಮೇಜಿನ ಮೇಲಿಟ್ಟಳು, ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಆರ್ಗಾನ್ ಅನಿಲದ ತಿರುಪು ತಿರುಗಿಸಿದಳು, ಮುಖವಾಡ ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು.

"ಚಿಕ್ಕಮ್ಮಾ."

ಅವಳು ಹಾರಿದ ರಭಸಕ್ಕೆ ಮುಖವಾಡ ಛಾವಣಿಗೆ ತಾಗಿ ಬಂತು ಅಂದರೆ ನಂಬಬೇಕು. ಬಾಗಿಲಲ್ಲಿ ಅಕ್ಕನ ಮಗಳು. ಹೊಸ ಅಂಗಿ, ಬಾಚಿದ ತಲೆ, ಕಣ್ಣು ಮಾತ್ರ ಹಳೆಯದು, ನಿದ್ದೆಯಿಲ್ಲದ್ದು.

"ಏನದು ಮೇಜಿನ ಮೇಲೆ?"

"ಏನಿಲ್ಲ, ರದ್ದಿ."

"ರದ್ದಿಗೆ ಯಾಕೆ ಆರ್ಗಾನ್ ಬಿಟ್ಟಿದ್ದೀಯ?"

ಚಿಕ್ಕಮ್ಮ ಮುಖವಾಡ ಕೆಳಗಿಳಿಸಿಕೊಂಡೇ ಮಾತಾಡಿದಳು. ಒಳಗಿನಿಂದ ಮಾತು ಬಾವಿಯೊಳಗಿಂದ ಬಂದ ಹಾಗೆ ಬಂತು. ಮಾರ್ಕರ್ ಪೆನ್ನು, ಆಸಿಡ್ಡು, ಕನ್ನಡಕ, ಮೇಜಿನ ಈಚೆ ಆಚೆ, ಎಲ್ಲ. "ನಿನ್ನ ನಾಲ್ಕು ವರ್ಷ ನಾನು ಅಳಿಸಿಹಾಕಿದೆನೋ ಏನೋ ಮಗಳೇ. ಗೊತ್ತಿಲ್ಲ. ಗೊತ್ತುಮಾಡಿಕೊಳ್ಳೋಕೆ ಧೈರ್ಯ ಇಲ್ಲ."

ಹುಡುಗಿ ಕೂಗಾಡುತ್ತಾಳೆ ಅಂದುಕೊಂಡಿದ್ದಳು. ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಕೂತು ಹೊಸ ಅಂಗಿಯ ತುದಿಯನ್ನು ಸುರುಳಿ ಸುತ್ತಿದಳು.

"ಅಂಗಡಿಯದು ಬಿರುಕು ಬಿಡಲ್ಲ ಚಿಕ್ಕಮ್ಮ. ಅದು ನನಗೆ ಅವತ್ತೇ ಗೊತ್ತಿತ್ತು."

"ಮತ್ತೆ ಕೇಳಲಿಲ್ಲ ಯಾಕೆ?"

"ನೀನು ಹೇಳಲಿಲ್ಲ ಯಾಕೆ?"

ಇಬ್ಬರೂ ಗಡಿಯಾರ ನೋಡಿದರು. ಹತ್ತು ಗಂಟೆ ಐದು ನಿಮಿಷ.

"ಹಾಕು ಕಿಡಿ" ಅಂದಳು ಹುಡುಗಿ.

ಇಷ್ಟು ವರ್ಷ ಚಿಕ್ಕಮ್ಮನ ಕೈ ಬೆಸುಗೆಯ ಹೊತ್ತಿನಲ್ಲಿ ಬೆಟ್ಟದ ಹಾಗೆ ನಿಲ್ಲುತ್ತಿತ್ತು; ಭೂಕಂಪವಾದರೆ ಜನ ಬಂದು ಅವಳ ಮೊಣಕೈ ಹಿಡಿದುಕೊಳ್ಳಬಹುದಿತ್ತು. ಈಗ ಬಲಗೈಯನ್ನು ಎಡಗೈಯಿಂದ ಹಿಡಿದುಕೊಳ್ಳಬೇಕಾಯಿತು. ನೀಲಿ ಬೆಳಕು ಫಕ್ಕನೆ ಹೊತ್ತಿತು. ತಗಡಿನ ಮೂಲೆ ಕೆಂಪಗಾಯಿತು, ಬೆಳ್ಳಗಾಯಿತು, ಕರಗಿ ಹನಿಯಾಗಿ ನಿಂತಿತು. ಸದ್ದಿಲ್ಲ. ಒಂದು ಸೆಕೆಂಡು. ಎರಡು. ಚಿಕ್ಕಮ್ಮನ ಎದೆಯಲ್ಲಿ ಒಂದು ಸಣ್ಣ ಹಕ್ಕಿ ರೆಕ್ಕೆ ಬಿಚ್ಚಿತು. ಇದು ಅಂಗಡಿಯದು, ಅಂದರೆ ಬಗ್ಗಿದ್ದು ನಮ್ಮದು, ಅಂದರೆ...

ಟಪ್.

ಟಪ್ ಟಪ್. ಟಪಟಪ.

ಉಗುಳಿತು. ಹೊಟ್ಟೆತುಂಬ ಉಗುಳಿತು. ಚಿಕ್ಕಮ್ಮನ ಕೈಗವಸಿನ ಮೇಲೆಲ್ಲ ಸಣ್ಣ ಬೆಳ್ಳಿ ಚುಕ್ಕೆ. ಅವಳು ಕಿಡಿ ಆರಿಸಿದಳು.

ಬಿರುಕು ಬಿಟ್ಟದ್ದೇ ತಮ್ಮದು. ಗಾಜಿನ ಪೆಟ್ಟಿಗೆಯಲ್ಲಿ ಮೆರೆಯುತ್ತಿದ್ದದ್ದು ಅಂಗಡಿಯದು.

"ಬಯ್ಯೇ" ಅಂದಳು ಚಿಕ್ಕಮ್ಮ. "ಸುಮ್ಮನಿರಬೇಡ. ಕೈಗೆ ಸಿಕ್ಕಿದ್ದು ತಗೊಂಡು ಹೊಡಿ ಬೇಕಾದರೆ. ಆ ಸುತ್ತಿಗೆ ಬೇಡ, ಭಾರ ಇದೆ, ಇದು ತಗೋ."

ಹುಡುಗಿಗೆ ನಗುವೂ ಅಳುವೂ ಒಂದೇ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡ ಹಾಗಾಯಿತು. ಎರಡೂ ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದು ಮುರುಕಪ್ಪ ಬಂದ. ಪ್ರಯೋಗಾಲಯದಲ್ಲಿ ಏನು ತಯಾರಾದರೂ ಬಗ್ಗಿಸಿ, ಎಳೆದು, ಮುರಿದು ನೋಡುವುದು ಅವನ ಕೆಲಸ. ಎಷ್ಟು ನಿಷ್ಠೆಯಿಂದ ಅಂದರೆ, ಅವನಿಗೆ ಕೈಕುಲುಕಿದವರು ಬೆರಳು ಎಣಿಸಿಕೊಳ್ಳುತ್ತಿದ್ದರು. ಕಂಕುಳಲ್ಲಿ ನೋಟ್‌ಬುಕ್ಕು.

"ನನ್ನ ಡ್ರಾಯರಿನಿಂದ ಯಾರ್ರೀ ಕದ್ದದ್ದು? ರದ್ದಿಯಾದರೂ ನನ್ನ ರದ್ದಿ! ಓ, ಇಲ್ಲಿದ್ಯಾ. ಮೂಲೆ ಬೇರೆ ಸುಟ್ಟಿದ್ದೀರಾ!"

"ಅದು ಅಂಗಡಿಯದಲ್ಲ" ಅಂದಳು ಹುಡುಗಿ. "ನಮ್ಮದು. ಅದಲುಬದಲಾಗಿದೆ."

"ನಾನು ಮಾಡಿದ್ದು" ಅಂದಳು ಚಿಕ್ಕಮ್ಮ.

ಮುರುಕಪ್ಪ ತಗಡು ನೋಡಿದ, ಹುಡುಗಿಯನ್ನು ನೋಡಿದ, ನೋಟ್‌ಬುಕ್ಕು ಬಿಚ್ಚಿ ಬೆರಳು ಎಂಜಲು ಮಾಡಿಕೊಂಡು ಹಾಳೆ ತಿರುವಿದ. ಹುಬ್ಬು ಮೇಲೆ ಹೋಯಿತು, ಹೋದದ್ದು ಇಳಿಯಲೇ ಇಲ್ಲ.

"ಹಾಗಾದ್ರೆ ಈ ನೂರೈದು ಯಾರದು?"

"ಯಾವ ನೂರೈದು?"

"ಬಿರುಕು ಬಿಟ್ಟದ್ದು ನೂರೈದು ಡಿಗ್ರಿ ಬಗ್ಗಿದ ಮೇಲೆ. 'ಅಂಗಡಿಯದು, ನೂರೈದು, ಬಿರುಕು' ಅಂತ ಬರೆದಿದ್ದೀನಿ ನೋಡಿ. ಅಂಗಡಿಯದು ಅಂತ ಯಾರೂ ಆ ಸಾಲೇ ಓದಲಿಲ್ಲ." ಅವನು ಹಿಂದಿನ ಹಾಳೆಗಳನ್ನು ಸರಸರ ತಿರುವಿದ. "ಇದಕ್ಕೆ ಮುಂಚೆ ನಿಮ್ಮದು ಎಷ್ಟಕ್ಕೆ ಮುರೀತಿತ್ತು? ಒಂಬತ್ತು. ಏಳು. ಹನ್ನೊಂದು. ಬಾಳ ಚೆನ್ನಾಗಿ ಬಂತು ಅಂತ ಕುಣಿದಾಡಿದ್ರಲ್ಲ, ಅದು ಹನ್ನೆರಡು."

ಹುಡುಗಿ ನೋಟ್‌ಬುಕ್ಕು ಕಸಿದುಕೊಂಡಳು. ಆ ಒಂದು ಸಾಲನ್ನು ಎಷ್ಟು ಸಲ ಓದಿದಳೆಂದರೆ ಶಾಯಿ ಸವೆದುಹೋಗಬೇಕಿತ್ತು. ಅದೊಂದು ಸಲ ಶಾಯಿ ಸವೆಯಲಿಲ್ಲ.

"ಹನ್ನೆರಡರಿಂದ ನೂರೈದು" ಅಂದಳು ಮೆಲ್ಲಗೆ. "ಉಪ್ಪು ಒಣಗಿಸಿದ್ದಕ್ಕೆ."

"ಆದರೂ ಬಿರುಕು ಬಿಟ್ಟಿತಲ್ಲ" ಅಂದ ಮುರುಕಪ್ಪ. ಒಳ್ಳೆಯ ಮಾತನ್ನೂ ಮುರಿದು ನೋಡದೆ ಬಿಡುವವನಲ್ಲ.

ಮುಖ್ಯಸ್ಥರು ಬಂದದ್ದು ಹತ್ತೂವರೆಗೆ. ಎಲ್ಲರೂ ಅವರನ್ನು "ದೊಡ್ಡವರು" ಅನ್ನುತ್ತಿದ್ದರು. ಕೈಯಲ್ಲಿ ಗಾಜಿನ ಪೆಟ್ಟಿಗೆ. ಅತಿಥಿಗಳ ಮೇಜಿನ ಮೇಲೆ ತಾವೇ ಇಡುವುದೆಂದು, ಹಸುಗೂಸು ಹೊತ್ತ ಹಾಗೆ ಎದೆಗೊತ್ತಿಕೊಂಡು ಬಂದಿದ್ದರು. ವಿಷಯ ಕೇಳಿದ ಮೇಲೆ ಅವರ ಮುಖದಿಂದ ಇಳಿದ ರಕ್ತ ಬೂಟಿನ ತನಕ ಹೋಗಿ ನಿಂತಿತು.

"ಇನ್ನು ಅರ್ಧ ಗಂಟೆ ಇದೆ" ಅಂದರು. "ಅರ್ಧ ಗಂಟೆ! ಇದನ್ನ ಎಂಟು ದಿನ ಮೊದಲು ಹೇಳಬೇಕು, ಇಲ್ಲಾ ಎಂಟು ದಿನ ಬಿಟ್ಟು ಹೇಳಬೇಕು."

ಪೆಟ್ಟಿಗೆಯನ್ನು ಬೆಸುಗೆಯ ಮೇಜಿನ ಮೇಲಿಟ್ಟರು.

"ನೋಡಿ" ಎಂದು ದನಿ ತಗ್ಗಿಸಿದರು, "ಬೇಕಂತ ಮಾಡಿದ್ದಲ್ಲ. ಇವತ್ತು ಇದನ್ನೇ ತೋರಿಸಿಬಿಡೋಣ. ಆಮೇಲೆ ನಿಧಾನಕ್ಕೆ ಸರಿಮಾಡೋಣ. ಬಗ್ಗಿದ್ದಂತೂ ನಿಜ ತಾನೇ?"

ಚಿಕ್ಕಮ್ಮನ ತಲೆಯಲ್ಲಿ ಎಂಟು ದಿನದಿಂದ ತಿರುಗುತ್ತಿದ್ದ ತಟ್ಟೆ ಒಮ್ಮೆಗೇ ನಿಂತಿತು. ಒಪ್ಪಿಕೊಳ್ಳಲಿ ಎಂದು ಅರ್ಧ ಮನಸ್ಸು. ಒಪ್ಪಿದರೆ ತನ್ನ ತಪ್ಪು ಯಾರಿಗೂ ತಿಳಿಯದೆ ಮುಚ್ಚಿಹೋಗುತ್ತದೆ. ಇನ್ನರ್ಧ ಮನಸ್ಸು ಅಕ್ಕನ ಮಗಳ ಬಾಯಿಯನ್ನೇ ನೋಡುತ್ತಿತ್ತು.

"ಅವರು ಇನ್ನೊಂದು ಮಾಡಿಕೊಡಿ ಅಂತಾರೆ ಸಾರ್" ಅಂದಳು ಹುಡುಗಿ. "ಇದನ್ನ ನಾವು ಮಾಡೇ ಇಲ್ಲ. ಇನ್ನೊಂದು ಹೇಗೆ ಮಾಡೋದು?"

ದೊಡ್ಡವರು ಗಾಜಿನ ಪೆಟ್ಟಿಗೆಯ ಕಡೆ ನೋಡಿದರು.

"ಇದನ್ನ ಹೇಗೆ ಮಾಡಬೇಕು ಅಂತ ನನಗೆ ಗೊತ್ತು" ಎಂದು ಅವಳು ಬಿರುಕು ಬಿಟ್ಟ ತಗಡನ್ನು ಎತ್ತಿ ಹಿಡಿದಳು. "ಇನ್ನೂ ಚೆನ್ನಾಗಿ ಮಾಡೋದು ಹೇಗೆ ಅನ್ನೋದೂ ಸುಮಾರಾಗಿ ಗೊತ್ತು. ಪೆಟ್ಟಿಗೆಯ ಬೀಗದ ಕೈ ಕೊಡಿ."

ಬೀಗದ ಕೈ ದೊಡ್ಡವರ ಜೇಬಿನಿಂದ ಹೊರಬರಲು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಬೆಟ್ಟ ಸವೆಯಬಹುದಿತ್ತು. ಆದರೂ ಬಂತು.

ಹನ್ನೊಂದಕ್ಕೆ ಸರಿಯಾಗಿ ಅತಿಥಿಗಳು ಬಂದರು, ಮೂವರು. ಇಬ್ಬರು ತಲೆಯಾಡಿಸುವವರು, ಒಬ್ಬ ತಲೆಯಾಡಿಸದವನು. ಮೂರನೆಯವನು ಕಾರ್ಖಾನೆಯ ಫೋರ್‌ಮನ್ ಆಗಿದ್ದು ಮೇಲೇರಿದ ಮುದುಕ. ಕೈಬೆರಳುಗಳ ಮೇಲೆ ಹಳೆಯ ಸುಟ್ಟ ಗುರುತು. ಚಿಕ್ಕಮ್ಮ ಮೊದಲು ನೋಡಿದ್ದೇ ಅದನ್ನು. ಇವನಿಂದ ಏನೂ ಮುಚ್ಚಿಡಲಾಗುವುದಿಲ್ಲ ಅನ್ನಿಸಿತು.

ಹುಡುಗಿ ಎಲ್ಲ ಹೇಳಿದಳು. ಅದಲುಬದಲಾದದ್ದನ್ನೂ ಹೇಳಿದಳು, ಆದರೆ ಯಾರಿಂದ ಅಂತ ಹೇಳಲಿಲ್ಲ. ಆಗ ಚಿಕ್ಕಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ನನ್ನಿಂದ. ಮಾರ್ಕರ್ ಪೆನ್ನಲ್ಲಿ ಬರೆದೆ, ಆಸಿಡ್ಡಲ್ಲಿ ಅದ್ದಿದೆ."

ತಲೆಯಾಡಿಸುವವರಿಬ್ಬರು ತಲೆಯಾಡಿಸುವುದನ್ನು ನಿಲ್ಲಿಸಿದರು. ಮುದುಕ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಎಷ್ಟು ವರ್ಷದ ಅನುಭವ?"

"ಮೂವತ್ತು."

"ಮೂವತ್ತು ವರ್ಷ ಬೇಕು ಅಂಥ ತಪ್ಪಿಗೆ. ಹೊಸಬರು ಮಾಡಲ್ಲ, ಅವರಿಗೆ ಹೆದರಿಕೆ ಇರತ್ತೆ." ನಗಲಿಲ್ಲ. "ಇದೇ ನಿಮ್ಮದು ಅಂತ ಈಗ ಹೇಗೆ ನಂಬೋದು?"

"ಉಗುಳತ್ತೆ."

"ಏನು?"

"ತೋರಿಸ್ತೀನಿ, ಬನ್ನಿ."

ಮುಖವಾಡ ಕೊಟ್ಟಳು. ಅವನು ತೀರ ಹತ್ತಿರ ಬಗ್ಗಿದ. ಮೊದಲು ಗಾಜಿನ ಪೆಟ್ಟಿಗೆಯದು: ಎಣ್ಣೆಯ ಹಾಗೆ ಕರಗಿತು, ಉಸಿರೆತ್ತಲಿಲ್ಲ. ಆಮೇಲೆ ಬಿರುಕಿನದು. ಚಿಕ್ಕಮ್ಮನಿಗೆ ಹೊಸ ಭಯ ಹಿಡಿಯಿತು: ಇಷ್ಟು ದಿನ ಬೇಡಬೇಡವೆಂದರೂ ಉಗುಳಿದ ಲೋಹ ಇವತ್ತು ಮರ್ಯಾದೆ ಕಲಿತುಬಿಟ್ಟರೆ? ಒಂದು ಸೆಕೆಂಡು. ಎರಡು. ಮೂರು. "ಉಗುಳೋ ಮಾರಾಯ" ಎಂದು ಮುಖವಾಡದೊಳಗೆ ಗೊಣಗಿದಳು.

ಟಪ್! ಒಂದು ಹನಿ ಹಾರಿ ನೆಟ್ಟಗೆ ಮುದುಕನ ಅಂಗಿಯ ತೋಳಿಗೆ ಬಿತ್ತು. ಒಂದು ಸಣ್ಣ ತೂತು, ಒಂದೆಳೆ ಹೊಗೆ. ದೊಡ್ಡವರು ಗೋಡೆ ಹಿಡಿದುಕೊಂಡರು.

ಮುದುಕ ಮುಖವಾಡ ತೆಗೆದು ತೂತಿನೊಳಗೆ ಬೆರಳಿಟ್ಟು ನೋಡಿಕೊಂಡ. ಮುರುಕಪ್ಪನ ನೋಟ್‌ಬುಕ್ಕು ತರಿಸಿ, ಹನ್ನೆರಡರಿಂದ ನೂರೈದರ ತನಕ ಬೆರಳಿಟ್ಟು ಓದಿದ. ಬಹಳ ಹೊತ್ತು ಓದಿದ.

"ಉಗುಳೋದನ್ನ ನಿಲ್ಲಿಸಬೇಕು" ಅಂದ ಹುಡುಗಿಗೆ. "ಬಿರುಕನ್ನೂ ನಿಲ್ಲಿಸಬೇಕು. ಇವತ್ತು ದೊಡ್ಡ ಕುಲುಮೆ ಅಂತ ನಾನು ಹೇಳಲ್ಲ. ಬರೋ ತಿಂಗಳು ಬರ್ತೀನಿ. ಬಿಳಿ ಪುಡಿಯಿಂದ ಹಿಡಿದು ಬಗ್ಗಿಸೋ ತನಕ ನನ್ನ ಕಣ್ಣೆದುರಿಗೆ ಒಂದು ಮಾಡಿ. ಆಗ ಹೇಳ್ತೀನಿ." ಬಾಗಿಲ ಹತ್ತಿರ ಹೋದವನು ತಿರುಗಿದ. "ಆಸಿಡ್ಡಿನ ಹತ್ತಿರ ನಾನೇ ನಿಲ್ತೀನಿ. ಈ ತಗಡು ನಾನು ತಗೊಂಡು ಹೋಗಬಹುದಾ? ಗುರುತು ಹಾಕಿಕೊಡಿ. ಶಾಯಿ ಬೇಡ."

ಇನ್ನು ಬಗ್ಗಿಸುವ ತಗಡಲ್ಲ, ಗೀರಬಹುದಿತ್ತು. ಚಿಕ್ಕಮ್ಮ ಕೆತ್ತುವ ಸೂಜಿಯನ್ನು ಪ್ಲಗ್ಗಿಗೆ ಸಿಕ್ಕಿಸಿದಳು. ಒಂದಕ್ಷರ ಸಾಲದು ಅನ್ನಿಸಿತು. ಸೂಜಿ ಜುಂಯ್‌ಗುಟ್ಟಿತು, ಅಕ್ಷರಗಳು ಬಿಸಿಲಿಗೆ ಬಿದ್ದ ಎರೆಹುಳಗಳ ಹಾಗೆ ಬಂದವು. ಪೂರ್ತಿ ಪದ ಬರೆದು ನೋಡುತ್ತಾಳೆ, ಬಿರುಕು ನಡುವೆ ಬಂದಿದೆ: "ನಮ್ಮ" ಈಚೆ, "ದು" ಆಚೆ.

ಮುದುಕ ಅದನ್ನು ಬೆಳಕಿಗೆ ಹಿಡಿದು ನೋಡಿ, ಕರ್ಚೀಫಿನಲ್ಲಿ ಸುತ್ತಿ, ತೂತು ಬಿದ್ದ ತೋಳಿನ ಕೈಯಿಂದಲೇ ಜೇಬಿಗಿಳಿಸಿಕೊಂಡ.

ಅವರ ಕಾರು ಗೇಟು ದಾಟುವ ತನಕ ಕಿಟಕಿಯಲ್ಲಿ ಯಾರೂ ಉಸಿರಾಡಲಿಲ್ಲ. ದಾಟಿದ ಮೇಲೂ ಚಿಕ್ಕಮ್ಮನಿಗೆ ಹಗುರ ಅನ್ನಿಸಲಿಲ್ಲ. ಖಾಲಿ ಜೇಬು ಮುಟ್ಟಿ ನೋಡಿದಳು. ಭಾರ ಹಾಗೇ ಇತ್ತು, ಒಂದು ತಿಂಗಳು ಮುಂದಕ್ಕೆ ಹೋಗಿ ಕೂತಿತ್ತು, ಅಷ್ಟೇ.

"ಬಯ್ಯೋದು ಬಾಕಿ ಇದೆ" ಎಂದು ನೆನಪಿಸಿದಳು.

"ಗೊತ್ತು" ಅಂದಳು ಅಕ್ಕನ ಮಗಳು. "ಮೊದಲು ಉಪ್ಪು ಒಣಗೋಕೆ ಹಾಕಬೇಕು. ಈ ಸಲ ಎರಡಲ್ಲ, ನಾಲ್ಕು ದಿನ."

ಅಷ್ಟರಲ್ಲಿ ಚಿಕ್ಕಮ್ಮನ ಫೋನು ಕೂಗಿತು. ಪರದೆಯ ಮೇಲೆ ಅಕ್ಕನ ಹೆಸರು. ಚಿಕ್ಕಮ್ಮ ಅದನ್ನು ಹಾವು ಹಿಡಿದ ಹಾಗೆ ದೂರ ಹಿಡಿದಳು. ಹುಡುಗಿ ಕೈ ಚಾಚಿ ಕಸಿದುಕೊಂಡು ಕಿವಿಗಿಟ್ಟಳು.

"ಅಮ್ಮ, ತಲೆ ಮೇಲೆ ಮುಟ್ಟಿ ನೋಡ್ಕೋ" ಅಂದು, ಫೋನನ್ನು ತನ್ನ ಜೇಬಿಗೇ ಹಾಕಿಕೊಂಡು ಕುಲುಮೆಯ ಕಡೆ ನಡೆದಳು.